ಆ್ಯಪ್ ನಮ್ಮದು, ಪ್ಲೇಯರ್ ಯಾರದು?

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರು ಈ ದೂರನ್ನು ಕೇಳಿಯೇ ಇರುತ್ತಾರೆ. ಬರೆದವರ ಕಂಪ್ಯೂಟರ್‌ನಲ್ಲಿ ವಿಡಿಯೊ ಚೆನ್ನಾಗಿಯೇ ಓಡುತ್ತದೆ, ಗ್ರಾಹಕರ ಹತ್ತಿರ ಬರೀ ಕಪ್ಪು ಚೌಕ. ಕೋಡ್ ಅದೇ, ಫೈಲೂ ಅದೇ. ಪ್ಲೇಯರ್ ಮಾತ್ರ ಬೇರೆ. ಅದು ಆ್ಯಪ್ ಒಳಗೆ ಕೂತಂತೆ ಕಾಣುತ್ತದೆ, ಆದರೆ ಬಹಳ ಸಲ ಅದು ಗ್ರಾಹಕರ ವಿಂಡೋಸ್‌ಗೆ ಸೇರಿದ್ದು. ಮೂವತ್ತು ವರ್ಷಕ್ಕಿಂತ ಹಳೆಯ ಗೋಳು ಇದು.

1991ರಲ್ಲಿ ವಿಂಡೋಸ್ 3.0ಗೆ ಮಲ್ಟಿಮೀಡಿಯಾ ಎಕ್ಸ್‌ಟೆನ್ಷನ್ಸ್ ಬಂತು. ಅದರ ಜೊತೆ ಎಂಸಿಐ (ಮೀಡಿಯಾ ಕಂಟ್ರೋಲ್ ಇಂಟರ್‌ಫೇಸ್) ಅನ್ನೋ ಸೌಲಭ್ಯವೂ ಬಂತು. ಇದಕ್ಕೆ ಓಪನ್, ಪ್ಲೇ, ಸ್ಟಾಪ್, ಕ್ಲೋಸ್ ಅಂತ ಪಠ್ಯದಲ್ಲೇ ಆಜ್ಞೆ ಕಳಿಸಿದರೆ ಸಾಕಿತ್ತು. ಮರುವರ್ಷ ವಿಡಿಯೊ ಫಾರ್ ವಿಂಡೋಸ್ ಬಂದಾಗ ಎವಿಐ ಫೈಲುಗಳೂ ಸೇರಿಕೊಂಡವು. ಓಪನ್ ಆಜ್ಞೆಯಲ್ಲೇ ನಮ್ಮ ವಿಂಡೋದ ಹ್ಯಾಂಡಲ್ ನಂಬರ್ (ವಿಂಡೋಸ್ ಪ್ರತಿ ಕಿಟಕಿಗೂ ಕೊಡುವ ಗುರುತಿನ ಸಂಖ್ಯೆ) ಕೊಟ್ಟರೆ ಚಿತ್ರ ನಮ್ಮ ಫಾರ್ಮ್ ಒಳಗೇ ಮೂಡುತ್ತಿತ್ತು. ಸರಳ ಅಂದ್ರೆ ಸರಳ. ಬೇಕಾದರೆ ಇವತ್ತಿಗೂ ಒಂದು ವೇವ್ ಫೈಲ್ ನುಡಿಸೋಕೆ ಅದನ್ನೇ ಬಳಸಬಹುದು.

ನಿಜವಾದ ತಿರುವು ಬಂದದ್ದು 1996ರಲ್ಲಿ. ಆ ವರ್ಷ ಮೈಕ್ರೋಸಾಫ್ಟ್ ಆಕ್ಟಿವ್‌ಮೂವಿ ಅನ್ನೋ ವಿಡಿಯೊ ಓಡಿಸುವ ವ್ಯವಸ್ಥೆಯನ್ನು ತಂದಿತು. ಮುಂದೆ ಅದೇ ಡೈರೆಕ್ಟ್‌ಶೋ ಆಯಿತು. ಇದು ಕೆಲಸ ಮಾಡುವ ರೀತಿ ಸ್ವಲ್ಪ ನೋಡಬೇಕು, ಕಪ್ಪು ಚೌಕದ ಬೇರು ಇಲ್ಲೇ ಇದೆ. ಫೈಲ್ ಓದಲು ಒಂದು ಫಿಲ್ಟರ್ (ಒಂದೇ ಕೆಲಸ ಮಾಡುವ ಪುಟ್ಟ ಸಾಫ್ಟ್‌ವೇರ್), ಧ್ವನಿ ಮತ್ತು ಚಿತ್ರವನ್ನು ಬೇರೆ ಮಾಡಲು ಇನ್ನೊಂದು, ಸಂಕುಚಿತ ಡೇಟಾ ಬಿಡಿಸಲು ಮತ್ತೊಂದು, ತೆರೆಯ ಮೇಲೆ ಮೂಡಿಸಲು ಕೊನೆಯದು. ಇವುಗಳ ಸರಪಳಿ ಕಟ್ಟುವುದು ಫೈಲ್ ತೆರೆದ ಕ್ಷಣದಲ್ಲಿ, ಆ ಕಂಪ್ಯೂಟರ್‌ನಲ್ಲಿ ನೋಂದಣಿಯಾದ ಫಿಲ್ಟರ್‌ಗಳನ್ನು ಹುಡುಕಿ. ಪ್ರತಿ ಫಿಲ್ಟರ್‌ಗೂ ಮೆರಿಟ್ ಅನ್ನೋ ಅಂಕ ಇರುತ್ತದೆ. ಜಾಸ್ತಿ ಮೆರಿಟ್ ಇದ್ದವನಿಗೆ ಮೊದಲ ಅವಕಾಶ. ಗ್ರಾಹಕರು ಎಲ್ಲೋ ಒಂದು ಕೋಡೆಕ್ ಪ್ಯಾಕ್ (ವಿಡಿಯೊ, ಧ್ವನಿ ಬಿಡಿಸುವ ಫಿಲ್ಟರ್‌ಗಳ ಕಟ್ಟು) ಇಳಿಸಿಕೊಂಡು ಹಾಕಿದರು ಅನ್ನಿ. ಅದರ ಫಿಲ್ಟರ್ ತನ್ನ ಮೆರಿಟ್ ಏರಿಸಿಕೊಂಡು ಬಂದರೆ ಆ ಕಂಪ್ಯೂಟರ್‌ನಲ್ಲಿ ಡೈರೆಕ್ಟ್‌ಶೋ ನಂಬಿದ ಆ್ಯಪ್‌ಗಳ ಒಳಗೆಲ್ಲ ಅದೇ ನುಗ್ಗುತ್ತದೆ. ನಾವು ಪರೀಕ್ಷೆ ಮಾಡಿ ಕಳಿಸಿದ ಸರಪಳಿ ಅಲ್ಲಿ ಇರುವುದೇ ಇಲ್ಲ. ಬೇರೆಯವರ ಅಡುಗೆಮನೆಯಲ್ಲಿ ಅಡುಗೆ ಮಾಡಿದ ಹಾಗೆ: ಡಬ್ಬಿಯಲ್ಲಿ ಉಪ್ಪಿದೆಯೋ ಸಕ್ಕರೆ ಇದೆಯೋ ಅವರಿಗೇ ಗೊತ್ತು.

ಆದರೆ ಆ ಕಾಲದಲ್ಲಿ ಇದನ್ನೆಲ್ಲ ಯಾರು ಕೇಳುತ್ತಿದ್ದರು? ವಿಷುಯಲ್ ಬೇಸಿಕ್ 6ರಲ್ಲಿ ಕಂಟ್ರೋಲ್ ಟಿ ಒತ್ತಿ, ಪಟ್ಟಿಯಲ್ಲಿ ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಟಿಕ್ ಹಾಕಿ, ಫಾರ್ಮ್ ಮೇಲೆ ಮೌಸ್‌ನಿಂದ ಒಂದು ಚೌಕ ಎಳೆದರೆ ಮುಗೀತು. ನಮ್ಮ ಕಡೆ ಬಿಸಿಎ, ಡಿಪ್ಲೊಮಾ ಓದಿದ ಎಷ್ಟೋ ಜನ ಹೀಗೇ ಒಂದು ಪ್ಲೇಯರ್ ಮಾಡಿ ಲ್ಯಾಬ್‌ನಲ್ಲಿ ತೋರಿಸಿದ್ದಾರೆ. ಆ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗೆ (ಫಾರ್ಮ್ ಮೇಲೆ ಇಡುವ ಸಿದ್ಧ ಘಟಕ) ಫೈಲ್ ವಿಳಾಸ ಕೊಟ್ಟರೆ ತಾನೇ ಓಡುತ್ತದೆ. ಯುಐಮೋಡ್ ಅನ್ನೋ ಗುಣಕ್ಕೆ 'ನನ್' ಅಂತ ಬರೆದರೆ ಅದರ ಬಟನ್‌ಗಳು ಮಾಯವಾಗಿ ಚಿತ್ರ ಮಾತ್ರ ಉಳಿಯುತ್ತದೆ. ಆಮೇಲೆ ನಮ್ಮದೇ ಬಟನ್ ಇಟ್ಟುಕೊಂಡು ಪ್ಲೇಯರ್ ನಮ್ಮದೇ ಅಂತ ಬೀಗಬಹುದು.

ನಮ್ಮದಲ್ಲ ಅಂತ ನೆನಪಿಸಿದ್ದು ಯುರೋಪ್. 2004ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೊ ದಂಡ ಹಾಕಿತು. ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕು ಎಂದಿತು. ಹಾಗೆ ಹುಟ್ಟಿದ್ದು ಎಕ್ಸ್‌ಪಿ ಎನ್ ಆವೃತ್ತಿ. ಬೆಲೆಯಲ್ಲಿ ವ್ಯತ್ಯಾಸ ಇಲ್ಲದ ಕಾರಣ ಅದನ್ನು ಕೊಂಡವರು ಕಮ್ಮಿ. ಆದರೆ ಎನ್ ಸಂತತಿ ವಿಂಡೋಸ್ 11ರವರೆಗೂ ಬಂದಿದೆ. ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳುವ ತನಕ ಅದರಲ್ಲಿ ಈ ಕಂಟ್ರೋಲ್ ಇರುವುದಿಲ್ಲ. 2006ರಲ್ಲಿ ವಿಂಡೋಸ್ ಆ್ಯಪ್‌ಗಳ ತೆರೆ ಕಟ್ಟಲು ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್ ಬಂದಾಗ ಮೀಡಿಯಾ ಎಲಿಮೆಂಟ್ ಅಂತ ಹೊಸ ಹೆಸರಿನ ಘಟಕ ಕೊಟ್ಟರು. ಅದಕ್ಕೂ ಮೀಡಿಯಾ ಪ್ಲೇಯರ್ 10 ಅಥವಾ ಅದಕ್ಕಿಂತ ಹೊಸದು ಬೇಕು, ಇಲ್ಲದಿದ್ದರೆ ಎಕ್ಸೆಪ್ಶನ್ ಅನ್ನೋ ದೋಷ! ಹೊಸ ಬಾಟಲಿ, ಮದ್ಯ ಹಳೆಯದು.

ಪ್ಲೇಯರನ್ನು ಜೊತೆಗೇ ಒಯ್ಯುವ ದಾರಿ ತೋರಿಸಿದ್ದು ವಿಎಲ್‌ಸಿ. 1996ರಲ್ಲಿ ಎಕೋಲ್ ಸೆಂಟ್ರಲ್ ಪ್ಯಾರಿಸ್‌ನ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಡಿಯೊ ಹರಿಸಲು ಶುರು ಮಾಡಿದ ಕೆಲಸ ಅದು. 2001ರಲ್ಲಿ ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶ ಲೈಸೆನ್ಸ್ ಅಡಿಯಲ್ಲಿ ಬಿಡುಗಡೆಯಾಯಿತು. ಕೋಡೆಕ್‌ಗಳೆಲ್ಲ ಅದರ ಪ್ಲಗಿನ್ ಫೋಲ್ಡರ್‌ನಲ್ಲೇ ಇರುತ್ತವೆ, ವಿಂಡೋಸ್‌ನ ಮೆರಿಟ್ ಗೊಡವೆ ಇಲ್ಲ. ತೊಡಕಿದ್ದದ್ದು ಲೈಸೆನ್ಸ್‌ನಲ್ಲಿ. ಜಿಪಿಎಲ್ ಲೈಬ್ರರಿ ಸೇರಿಸಿದರೆ ಇಡೀ ಆ್ಯಪ್ ಕೋಡ್ ಕೊಡಬೇಕಾದೀತು ಅಂತ ಕಂಪನಿಗಳು ಹೆದರುತ್ತಿದ್ದವು. 2011ರ ಕೊನೆಗೆ, ಬೇರೆ ಆ್ಯಪ್‌ಗಳಿಗೆ ಸೇರಿಸುವ ವಿಎಲ್‌ಸಿ ಲೈಬ್ರರಿಯಾದ ಲಿಬ್‌ವಿಎಲ್‌ಸಿಯ ತಿರುಳು ಎಲ್‌ಜಿಪಿಎಲ್ ಅನ್ನೋ ಸಡಿಲ ಲೈಸೆನ್ಸ್‌ಗೆ ಬದಲಾಯಿತು. 2012ರಲ್ಲಿ ಬಹುಪಾಲು ಮಾಡ್ಯೂಲ್‌ಗಳೂ ಬಂದವು. ಅದಕ್ಕಾಗಿ ವಿಎಲ್‌ಸಿ ಯೋಜನೆಯ ಜಾನ್ ಬಾಪ್ಟಿಸ್ಟ್ ಕೆಂಫ್ ಮತ್ತು ಜೊತೆಗಾರರು ಕೋಡ್ ಬರೆದವರನ್ನು ಹುಡುಕಿ ಹುಡುಕಿ ಒಪ್ಪಿಗೆ ಪಡೆದರು. ಈ ಕಥೆಯಲ್ಲಿ ತಂತ್ರಜ್ಞಾನಕ್ಕಿಂತ ಜಾಸ್ತಿ ಬದಲಾವಣೆ ತಂದದ್ದು ಈ ಕಾಗದದ ಕೆಲಸವೇ ಅಂತ ನನಗನ್ನಿಸುತ್ತದೆ.

ಹಾಗಂತ ಎಲ್ಲ ಸುಸೂತ್ರ ಅಲ್ಲ. ವಿಎಲ್‌ಸಿಗೂ ಎಂಸಿಐ ಥರವೇ ವಿಂಡೋ ಹ್ಯಾಂಡಲ್ ಕೊಡಬೇಕು. ಡಬ್ಲ್ಯುಪಿಎಫ್‌ನಲ್ಲಿ ಬಟನ್‌ಗಳಿಗೆ ಪ್ರತ್ಯೇಕ ಹ್ಯಾಂಡಲ್ ಇಲ್ಲ, ಇಡೀ ಕಿಟಕಿಗೆ ಒಂದೇ. ಹಾಗಾಗಿ ವಿಡಿಯೊಗೆ ಬೇರೆ ಕಿಟಕಿ ಕೂರಿಸಿದರೆ ಆ ಚೌಕ ಪೂರ್ತಿ ಅದರದ್ದೇ. ಮೇಲೆ ಪ್ಲೇ ಬಟನ್ ಇಟ್ಟರೂ ಅದು ವಿಡಿಯೊ ಹಿಂದೆ ಹೋಗಿ ಕೂರುತ್ತದೆ. ಇದನ್ನು ಏರ್‌ಸ್ಪೇಸ್ ಸಮಸ್ಯೆ ಅನ್ನುತ್ತಾರೆ. ಡಬ್ಲ್ಯುಪಿಎಫ್‌ನಂಥ ಆ್ಯಪ್‌ಗಳಿಗೆ ಲಿಬ್‌ವಿಎಲ್‌ಸಿಯನ್ನು ಜೋಡಿಸುವ ಲಿಬ್‌ವಿಎಲ್‌ಸಿಶಾರ್ಪ್ ಇದಕ್ಕೆ ವಿಡಿಯೊ ಮೇಲೆ ಇನ್ನೊಂದು ಪಾರದರ್ಶಕ ಕಿಟಕಿ ತೇಲಿಸಿ, ಬಟನ್‌ಗಳನ್ನು ಅಲ್ಲಿ ಇಡುತ್ತದೆ. ಜುಗಾಡ್ ಅಂದ್ರೆ ಇದೇ ಅಲ್ವಾ? ಆದರೆ ಕೆಲಸ ಆಗುತ್ತದೆ.

ಕಪ್ಪು ಚೌಕ ಈಗಲೂ ಹೋಗಿಲ್ಲ. 2017ರಿಂದ ಹೊಸ ಐಫೋನ್‌ಗಳು ವಿಡಿಯೊವನ್ನು ಎಚ್‌ಇವಿಸಿ ಅನ್ನೋ ಸಂಕುಚಿತ ರೂಪದಲ್ಲಿ ಉಳಿಸುತ್ತಿವೆ. ವಿಂಡೋಸ್‌ನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದರ ಡಿಕೋಡರ್ ಇಲ್ಲ, ಸ್ಟೋರ್‌ನಲ್ಲಿ ಕೊಳ್ಳಬೇಕು. ಮೀಡಿಯಾ ಪ್ಲೇಯರ್ ಕಂಟ್ರೋಲ್ ನಂಬಿದ ಆ್ಯಪ್‌ನಲ್ಲಿ ಧ್ವನಿ ಬರುತ್ತದೆ, ಚಿತ್ರ ಇಲ್ಲ.

ಹಳೆಯ ಕಂಟ್ರೋಲ್ ವಿಂಡೋಸ್ 11ರಲ್ಲೂ ಇದೆ, ಓಡುತ್ತದೆ. ಫೈಲುಗಳೂ ಕಂಪ್ಯೂಟರ್‌ಗಳೂ ನಮ್ಮ ಹಿಡಿತದಲ್ಲೇ ಇದ್ದರೆ, ಉದಾಹರಣೆಗೆ ಒಂದೇ ಕಚೇರಿಯ ತೆರೆಗಳಿಗೆ, ನಾನು ಅದನ್ನು ಬೇಡ ಅನ್ನಲ್ಲ. ಊರೂರಿಗೆ ಹೋಗುವ ಆ್ಯಪ್ ಆದರೆ ಇನ್‌ಸ್ಟಾಲರ್ ಎಷ್ಟೇ ದೊಡ್ಡದಾಗಲಿ, ಲಿಬ್‌ವಿಎಲ್‌ಸಿಯನ್ನು ಒಳಗೇ ಹಾಕಿ ಕಳಿಸುತ್ತೇನೆ. ಆ್ಯಪ್ 64 ಬಿಟ್ ಇದ್ದರೆ ಪ್ಲಗಿನ್ ಫೋಲ್ಡರೂ 64 ಬಿಟ್‌ನದ್ದೇ ಇರಬೇಕು, ಅದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.