ಬೋಳು ಚಕ್ರ ಕಟ್ಟೋದು, ಅದರ ಮೇಲೆ ಹತ್ತೋದು

ಯುನಿಸೈಕಲ್, ಅಂದ್ರೆ ಒಂಟಿ ಚಕ್ರದ ಸೈಕಲ್, ಅದರ ಸೀಟು, ಫ್ರೇಮು ಎರಡೂ ಬಿಚ್ಚಿ ಪಕ್ಕಕ್ಕಿಟ್ಟು ಉಳಿದ ಚಕ್ರದ ಮೇಲೆ ನಿಂತ್ಕೊಂಡ್ರೆ ಅದೇ ಅಲ್ಟಿಮೇಟ್ ವೀಲ್ ಅಂತ ನಾನೂ ಮೊದಲು ಅಂದ್ಕೊಂಡಿದ್ದೆ. ಸೈಕಲ್ ಚಕ್ರಕ್ಕೆ ಕಡ್ಡಿ ಕಟ್ಟೋದು, ಬೆಂಡ್ ತೆಗೆಯೋದು ನನ್ನ ದಿನನಿತ್ಯದ ಕೆಲಸ, ಭಾನುವಾರ ಒಂದಷ್ಟು ಮಕ್ಕಳಿಗೆ ಒಂಟಿ ಚಕ್ರದ ಸೈಕಲ್ ಹೇಳ್ಕೊಡ್ತೀನಿ, ಹಾಗಾಗಿ ಇದೇನು ಮಹಾ ಅಂತ ಶುರು ಮಾಡಿ ಮೂರು ವಾರ ಕಾಂಪೌಂಡ್ ಗೋಡೆ ಹಿಡ್ಕೊಂಡು ಒದ್ದಾಡಿದೆ, ಚಕ್ರ ಒಂದು ಪೂರ್ತಿ ಸುತ್ತು ತಿರುಗಲಿಲ್ಲ. ಪೆಡಲ್ ತುಳಿದ ತಕ್ಷಣ ಚಕ್ರ ಆ ಕಡೆಗೇ ವಾಲಿ ಕಾಲಿಗೆ ಬಡೀತಿತ್ತು. ಕೊನೆಗೆ ಟೇಪು ಹಿಡಿದು ಎರಡು ಪೆಡಲ್ ನಡುವಿನ ಅಂತರ ಅಳೆದೆ, ಆಮೇಲೆ ಅರ್ಥ ಆಯ್ತು. ಈ ಬರಹ ಪೂರ್ತಿ ಆ ಅಂತರದ ಬಗ್ಗೆನೇ, ಯಾಕಂದ್ರೆ ಬೋಳು ಚಕ್ರ ಓಡತ್ತೋ ಇಲ್ವೋ ಅನ್ನೋದು ಅರ್ಧಕ್ಕಿಂತ ಜಾಸ್ತಿ ಕಟ್ಟೋವಾಗ್ಲೇ ತೀರ್ಮಾನ ಆಗಿಹೋಗತ್ತೆ.

ಮೊದಲು ಏನಿದು ಅಂತ ಹೇಳ್ಬಿಡ್ತೀನಿ. ಅಂತರರಾಷ್ಟ್ರೀಯ ಯುನಿಸೈಕ್ಲಿಂಗ್ ಫೆಡರೇಶನ್‌ನವರು ಸೀಟು ಫ್ರೇಮು ಎರಡೂ ಇಲ್ದೆ ಬರೀ ಚಕ್ರ ಮತ್ತು ಪೆಡಲ್ ಇರೋದನ್ನ ಅಲ್ಟಿಮೇಟ್ ವೀಲ್ ಅಂತಾರೆ. ನಮ್ಮ ಹುಡುಗರು ಬೋಳು ಚಕ್ರ ಅಂತಾರೆ, ನಂಗೂ ಅದೇ ಇಷ್ಟ. ಇನ್ನೊಂದಿದೆ, ಇಂಪಾಸಿಬಲ್ ವೀಲ್ ಅಂತ, ಅದರಲ್ಲಿ ಪೆಡಲ್ ಇರಲ್ಲ, ಆಕ್ಸಲ್ ಎರಡೂ ಕಡೆ ಕಾಲಿಡೋಕೆ ಜಾಗ ಇರತ್ತೆ ಅಷ್ಟೇ, ತುಳಿಯೋಕಾಗಲ್ಲ, ಉರುಳ್ಕೊಂಡು ಹೋಗ್ಬೇಕು. ಎರಡೂ ಬೇರೆ ಬೇರೆ ಆಟ, ಇಲ್ಲಿ ಮಾತಾಡ್ತಿರೋದು ಪೆಡಲ್ ಇರೋದ್ರ ಬಗ್ಗೆ.

ಈಗ ಅಂತರದ ಲೆಕ್ಕ. ಸೀಟಿರೋ ಯುನಿಸೈಕಲ್‌ನಲ್ಲಿ ನಮ್ಮ ತೂಕ ಬಹುಪಾಲು ಸೀಟಿನ ಮೇಲೆ ಕೂತಿರತ್ತೆ, ಸೀಟು ಚಕ್ರದ ನಟ್ಟನಡುವೆ ಇರೋದ್ರಿಂದ ಆ ತೂಕ ನೇರ ನೆಲಕ್ಕೆ ಇಳಿಯತ್ತೆ. ಸೀಟು ತೆಗೆದ್ರೆ ಅಷ್ಟೂ ತೂಕ ಪೆಡಲ್ ಮೇಲೆ ಬರತ್ತೆ, ಪೆಡಲ್ ಚಕ್ರದ ಪಕ್ಕದಲ್ಲಿದೆ, ಹಾಗಾಗಿ ಪ್ರತಿ ತುಳಿತಕ್ಕೂ ಚಕ್ರ ಅಡ್ಡ ಬೀಳೋಕೆ ನೋಡತ್ತೆ. ನನ್ನ ಹಳೇ ಚಕ್ರದಲ್ಲಿ ಎರಡು ಕ್ರ್ಯಾಂಕ್‌ನ, ಅಂದ್ರೆ ಪೆಡಲ್ ಸಿಗಿಸೋ ತೋಳಿನ, ಹೊರಮುಖದ ನಡುವೆ 15 ಸೆಂಟಿಮೀಟರ್ ಇತ್ತು, ಅದರ ಅರ್ಧ 7.5, ಅಲ್ಲಿಂದ ಪಾದದ ಮಧ್ಯಕ್ಕೆ ಇನ್ನೊಂದು 5, ಒಟ್ಟು 12.5 ಸೆಂಟಿಮೀಟರ್ ಆಚೆ ನಾನು ನಿಂತಿದ್ದೆ. 60 ಕೆಜಿ ಮನುಷ್ಯ ಒಂದೇ ಕಾಲಲ್ಲಿ ಅಲ್ಲಿ ನಿಂತ್ರೆ ಚಕ್ರವನ್ನ ಬೀಳಿಸೋ ಶಕ್ತಿ ಎಷ್ಟು ಅಂದ್ರೆ, ಒಂದು ಮೀಟರ್ ಕೋಲನ್ನ ಅಡ್ಡಡ್ಡ ಕಟ್ಟಿ ಅದರ ತುದಿಗೆ ಏಳೂವರೆ ಕೆಜಿ ನೇತು ಹಾಕಿದ ಹಾಗೆ. ಅದನ್ನ ಬರೀ ಚಕ್ರ ವಾಲಿಸಿಯೇ ಸರಿ ಮಾಡ್ಬೇಕು ಅಂದ್ರೆ, 24 ಇಂಚಿನ ಚಕ್ರವನ್ನ ಪ್ರತಿ ತುಳಿತಕ್ಕೂ ಎದುರು ದಿಕ್ಕಿಗೆ ಸುಮಾರು 22 ಡಿಗ್ರಿ ವಾಲಿಸ್ಬೇಕು, ಅರ್ಧ ಸುತ್ತಿಗೆ ಆ ಕಡೆ, ಇನ್ನರ್ಧಕ್ಕೆ ಈ ಕಡೆ. ಹೊಸಬರ ಕೈಲಿ ಇದು ಆಗಲ್ಲ.

ಈಗ ನಾನು ಕಟ್ಟೋ ಚಕ್ರದಲ್ಲಿ ಆ ಹೊರಮುಖದ ಅಂತರ 2.8 ಸೆಂಟಿಮೀಟರ್ ಮಾತ್ರ. ಅರ್ಧ 1.4, ಪಾದದ 5 ಸೇರಿಸಿದ್ರೆ 6.4. ಕೋಲಿನ ತುದಿಯ ತೂಕ 4 ಕೆಜಿಗಿಂತ ಕೆಳಗೆ ಬಂತು, ವಾಲಿಸ್ಬೇಕಾದ್ದು 12 ಡಿಗ್ರಿ ಆಯ್ತು. ಅದೇ ಕಾಲು, ಅದೇ ಮನುಷ್ಯ, ಬೀಳಿಸೋ ಶಕ್ತಿ ಮಾತ್ರ ಅರ್ಧ.

ಇಷ್ಟು ಹತ್ರ ತರೋದು ಹಬ್ಬು (ಚಕ್ರದ ನಡುವೆ ಕಡ್ಡಿಗಳು ಬಂದು ಸೇರೋ ಭಾಗ), ಕಡ್ಡಿ ಇಟ್ಕೊಂಡು ಸಾಧ್ಯ ಇಲ್ಲ, ಕಡ್ಡಿಗಳು ರಿಮ್ಮಿಂದ ಹಬ್ಬಿಗೆ ಬರೋವಾಗ ಅಗಲ ಆಗ್ತಾ ಬರಲೇಬೇಕು, ಆ ಅಗಲದಿಂದಾನೇ ಚಕ್ರ ನೆಟ್ಟಗೆ ನಿಲ್ಲೋದು. ಕಡ್ಡಿ ಕಟ್ಟಿಯೇ ಹೊಟ್ಟೆ ಹೊರೆಯೋ ನಾನು ಹೇಳ್ತಿದ್ದೀನಿ, ಈ ಒಂದು ಕೆಲಸಕ್ಕೆ ಕಡ್ಡಿ ಬೇಡ. ಪ್ಲೈವುಡ್ ತಟ್ಟೆ ಹಾಕಿ. ಕಡ್ಡಿ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ, ಓಡಿಸೋವಾಗ ಮೀನಖಂಡ, ಹರಡು ಎಲ್ಲ ಚಕ್ರಕ್ಕೆ ತಾಗ್ತಾನೇ ಇರತ್ತೆ, ಪ್ಯಾಂಟು ಕಡ್ಡಿಗೆ ಸಿಕ್ಕಿಹಾಕೊಂಡ್ರೆ ಕಥೆ ಮುಗೀತು.

ರಿಮ್ಮು 24 ಇಂಚಿನ ಅಲಾಯ್ ಡಬಲ್ ವಾಲ್ ತಗೊಳ್ಳಿ, ಟೈರ್ ಮೇಲೆ 507 ಅನ್ನೋ ಸಂಖ್ಯೆ ಇರತ್ತಲ್ಲ ಆ ಅಳತೆದು. 20 ಇಂಚಿಂದು ಚುರುಕು ಜಾಸ್ತಿ, ಕಾಲ ಕೆಳಗೆ ನಿಲ್ಲಲ್ಲ, 26 ಇಂಚಿಂದು ಎತ್ತರ ಕಡಿಮೆ ಇರೋರಿಗೆ ಮಂಡಿಗೇ ಬಡಿಯತ್ತೆ. ಟೈರು ಪಕ್ಕದಲ್ಲಿ ಉಬ್ಬುಗಳು ಇಲ್ಲದ್ದು, ಸಾದಾ ರೋಡ್ ಟೈರ್ ಇರ್ಲಿ. ಪ್ಲೈ 18 ಎಂಎಂ, ಅದೂ ಮರೀನ್ ಗ್ರೇಡು, ಅದರ ಮೇಲೆ ಐಎಸ್ 710 ಅಂತ ಮುದ್ರೆ ಇರತ್ತೆ, ನೋಡ್ಕೊಂಡೇ ತಗೊಳ್ಳಿ. ಐಎಸ್ 303 ಅಂತ ಇರೋದು ಮಾಮೂಲಿ ಕಮರ್ಷಿಯಲ್ ಪ್ಲೈ, ಅದರಲ್ಲಿ ನಾನು ಒಂದು ತಟ್ಟೆ ಮಾಡಿದ್ದೆ, ಎರಡನೇ ತಿಂಗಳಿಗೆ ಪೆಡಲ್ ಸುತ್ತ ಪದರ ಬಿಟ್ಕೊಂಡು ಬೋಲ್ಟು ಅಲ್ಲಾಡೋಕೆ ಶುರು ಆಯ್ತು, ಮೇಲೆ ಒಬ್ಬ ಹುಡುಗ ಇರೋವಾಗ ಹಾಗಾಗಿದ್ರೆ ಏನ್ ಗತಿ ಅಂತ ಇವತ್ತಿಗೂ ಯೋಚ್ನೆ ಆಗತ್ತೆ.

ರಿಮ್ಮಿನ ಒಳಗಿನ ವ್ಯಾಸ ಮೂರ್ನಾಲ್ಕು ಕಡೆ ಅಳೆದು ಪ್ಲೈ ಮೇಲೆ ಮೊಳೆ ಹೊಡೆದು ದಾರದ ಬದಲು ಒಂದು ಪಟ್ಟಿ ಇಟ್ಟು ವೃತ್ತ ಎಳೀರಿ, ದಾರ ಎಳೆದುಕೊಳ್ಳತ್ತೆ. ಆ ಮೊಳೆ ತೂತನ್ನ ಮುಚ್ಚಬೇಡಿ, ಮುಂದಿನ ಎಲ್ಲ ಅಳತೆಗೂ ಅದೇ ಆಧಾರ. ಜಿಗ್ ಸಾದಲ್ಲಿ ಗೆರೆಯಿಂದ 2 ಎಂಎಂ ಹೊರಗೆ ಕತ್ತರಿಸಿ, ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಗಟ್ಟಿಯಾಗಿ ಕೂರೋ ಹಾಗೆ ಮಾಡಿ. ಕಡ್ಡಿ ಹಾಕೋ ತೂತುಗಳ ಮೂಲಕಾನೇ ಸ್ಕ್ರೂ ಹೊಡೀಬೇಕು, 36 ತೂತಲ್ಲಿ ಒಂದು ಬಿಟ್ಟು ಒಂದು ಹೊಡೆದ್ರೆ 18 ಆಗತ್ತೆ, ಸಾಕು. ಇಲ್ಲೊಂದು ಎಡವಟ್ಟಿದೆ, ಆ ತೂತುಗಳು ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿ ಇರತ್ವೆ, ಒಂದು ಬಿಟ್ಟು ಒಂದು ಅಂತ ಹೋದ್ರೆ ಎಲ್ಲ ಸ್ಕ್ರೂನೂ ಒಂದೇ ಕಡೆ ಬರತ್ತೆ, ಅದಕ್ಕೇ ಪಕ್ಕಪಕ್ಕದ ಎರಡಕ್ಕೆ ಹೊಡೆದು ಮುಂದಿನ ಎರಡು ಬಿಡಿ. ಮೊದಲು ಸಣ್ಣ ಡ್ರಿಲ್ ಹಾಕದೆ ಪ್ಲೈ ಅಂಚಿಗೆ ಸ್ಕ್ರೂ ಹೊಡೆದ್ರೆ ಸೀಳತ್ತೆ. ಸ್ಕ್ರೂ ತಲೆ ಟ್ಯೂಬಿಗೆ ಚುಚ್ಚದ ಹಾಗೆ ಮೇಲೆ ದಪ್ಪ ರಿಮ್ ಟೇಪ್ ಎರಡು ಸುತ್ತು. ವಾಲ್ವ್ ಬರೋ ಕಡೆ ತಟ್ಟೆಯಲ್ಲಿ ಅಂಗೈ ಅಗಲದ ಅರ್ಧಚಂದ್ರ ಕತ್ತರಿಸೋದು ಮರೆತ್ರೆ ಗಾಳಿ ಹೊಡೆಯೋಕೆ ಪಂಪೇ ಹೋಗಲ್ಲ.

ಪೆಡಲ್ ಕೂರಿಸೋದು ನಿಜವಾದ ಕೆಲಸ. ಪ್ಲೈಗೆ ನೇರ ಥ್ರೆಡ್ ಹಾಕಿದ್ರೆ ಒಂದು ದಿನ ನಿಲ್ಲಲ್ಲ. ಹಳೇ ಕಾಟರ್ ಪಿನ್ ಸೈಕಲ್ ಕ್ರ್ಯಾಂಕು ಗುಜರಿಯಲ್ಲಿ ಸಿಗತ್ತಲ್ಲ, ಎಡದ್ದು ಒಂದು ಬಲದ್ದು ಒಂದು ತಂದು ಪೆಡಲ್ ಕಡೆಯ ತುದಿ ಮಾತ್ರ ಕತ್ತರಿಸ್ಕೊಳ್ಳಿ, ಉಕ್ಕು ಆಗಿರೋದ್ರಿಂದ ವೆಲ್ಡಿಂಗ್ ಚೆನ್ನಾಗಿ ಹಿಡಿಯತ್ತೆ, ಥ್ರೆಡ್ಡೂ ರೆಡಿ ಇರತ್ತೆ, 9/16 ಇಂಚು, ಇಂಚಿಗೆ 20 ಥ್ರೆಡ್. ಒಂದು 5 ಎಂಎಂ ಉಕ್ಕಿನ ಪ್ಲೇಟಿಗೆ ಆ ತುಂಡು ಕೂರೋಷ್ಟು ತೂತು ಮಾಡಿ, ತುಂಡಿನ ಹೊರಮುಖ ಪ್ಲೇಟಿನ ಮಟ್ಟಕ್ಕೇ ಬರೋ ಹಾಗೆ ಹಿಂದಿಂದ ವೆಲ್ಡ್ ಮಾಡಿಸಿ, ಹಿಂದೆ ಉಳಿಯೋ ಉಬ್ಬು ಪ್ಲೈನಲ್ಲಿ ಮಾಡಿದ ತೂತೊಳಗೆ ಹೂತುಹೋಗತ್ತೆ. ಈ ಹೂತಿಡೋದ್ರಿಂದಾನೇ 2.8 ಸೆಂಟಿಮೀಟರ್ ಬರೋದು, ಪ್ಲೈ 18 ಎಂಎಂ, ಎರಡು ಕಡೆ ಐದೈದು. ಪ್ಲೇಟಿನ ಮೇಲೇ ತುಂಡನ್ನ ಇಟ್ಟು ವೆಲ್ಡ್ ಮಾಡಿದ್ರೆ 5 ಸೆಂಟಿಮೀಟರ್ ದಾಟತ್ತೆ. ವೆಲ್ಡ್ ಮಾಡೋವಾಗ ಥ್ರೆಡ್ಡಿಗೆ ಹಳೇ ಪೆಡಲ್ ಆಕ್ಸಲ್ ತಿರುಗಿಸಿಟ್ಟಿರಿ, ಕಿಡಿ ಒಳಗೆ ಕೂರಲ್ಲ. ತಟ್ಟೆಯ ಆ ಕಡೆಗೂ ಒಂದು ಪ್ಲೇಟು ಕೊಟ್ಟು ನಾಲ್ಕು ಬೋಲ್ಟ್ ಆರ್‌ಪಾರ್ ಹಾಕಿ.

ಕೇಂದ್ರದಿಂದ ಎರಡೂ ಪೆಡಲ್ 125 ಎಂಎಂ ದೂರ, ಒಂದೇ ನೇರ ಗೆರೆಯಲ್ಲಿ, ಒಂದಕ್ಕೊಂದು ಎದುರುಬದುರು. ಫೆಡರೇಶನ್‌ನವರ 24 ಇಂಚಿನ ರೇಸ್ ಯುನಿಸೈಕಲ್‌ಗೂ ಕ್ರ್ಯಾಂಕ್ ಕನಿಷ್ಠ 125 ಎಂಎಂ ಇರ್ಬೇಕು, ಕಲಿಯೋರಿಗೆ ಒಳ್ಳೇ ಅಳತೆ. ಒಂದು ಪೆಡಲ್ 3 ಎಂಎಂ ಆಚೀಚೆ ಆದ್ರೂ ಪ್ರತಿ ಸುತ್ತಿಗೂ ಕುಂಟಿದ ಹಾಗೆ ಅನ್ಸತ್ತೆ.

ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಇರೋದು ಎಲ್ಲ ಸೈಕಲ್‌ನಲ್ಲೂ ನೋಡಿರ್ತೀರಿ, ತುಳಿಯೋ ಭಾರ ಆಕ್ಸಲ್ ಸುತ್ತ ತಿರುಗ್ತಾ ಪೆಡಲನ್ನ ನಿಧಾನಕ್ಕೆ ಬಿಚ್ಚೋಕೆ ನೋಡತ್ತೆ, ಅದಕ್ಕೆ ಈ ಉಪಾಯ. ವಿಮಾನ ಹಾರಿಸೋಕೆ ಮುಂಚೆ ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1900ರಲ್ಲೇ ಬಿಚ್ಚಿಕೊಳ್ಳದ ಪೆಡಲ್ ಅಂತ ಇದನ್ನ ತಂದಿದ್ರು. ಬೋಳು ಚಕ್ರದಲ್ಲಿ ತೊಂದ್ರೆ ಏನಂದ್ರೆ, ಫ್ರೇಮ್ ಇಲ್ಲ, ಹಾಗಾಗಿ ಮುಂದೆ ಯಾವ್ದು ಹಿಂದೆ ಯಾವ್ದು ಗೊತ್ತೇ ಆಗಲ್ಲ! ಚಕ್ರ ಎತ್ಕೊಂಡು ಉಲ್ಟಾ ಇಟ್ಟು ಹತ್ತಿದ್ರೆ ಎಡದ ಪೆಡಲ್ ಬಲಕ್ಕೆ ಬಂದಿರತ್ತೆ, ಓಡಿಸ್ತಾ ಓಡಿಸ್ತಾ ಎರಡೂ ಸಡಿಲ ಆಗತ್ವೆ. ನಾನು ತಟ್ಟೆ ಮೇಲೆ ದೊಡ್ಡದಾಗಿ ಒಂದು ಕಡೆ ಎ, ಇನ್ನೊಂದು ಕಡೆ ಬ ಅಂತ ಪೇಂಟಲ್ಲಿ ಬರೀತೀನಿ.

ಇನ್ನು ಹತ್ತೋದು. ಸೀಟಿರೋ ಯುನಿಸೈಕಲ್ ಬರದೇ ಇದಕ್ಕೆ ಕೈ ಹಾಕ್ಬೇಡಿ, ಇದು ನನ್ನ ಕಟ್ಟುನಿಟ್ಟು. ಅದು ಬಂದ ಮೇಲೆ ಸೀಟಿಂದ ಎದ್ದು ನಿಂತು ಓಡಿಸಿ, ಆಮೇಲೆ ಸೀಟನ್ನ ಕಾಲ್ಸಂದಿಯಿಂದ ತೆಗೆದು ಕೈಲಿ ಮುಂದೆ ಹಿಡ್ಕೊಂಡು ಓಡಿಸಿ, ಇದು 50 ಮೀಟರ್ ಆರಾಮಾಗಿ ಬಂದ್ರೆ ಕಾಲು ತಯಾರಾಗಿದೆ ಅಂತ ಅರ್ಥ. ಬೋಳು ಚಕ್ರಕ್ಕೆ ಬಂದಾಗ ಎರಡೂ ಕಡೆ ಇಬ್ಬರ ಹೆಗಲು ಹಿಡ್ಕೊಳ್ಳಿ, ಒಂದೇ ಕಡೆ ಗೋಡೆ ಇದ್ರೆ ಮೈ ಆ ಕಡೆಗೇ ಒರಗೋಕೆ ಕಲಿಯತ್ತೆ, ಆ ಅಭ್ಯಾಸ ಬಿಡ್ಸೋದು ಕಷ್ಟ. ಪೆಡಲ್ ಎರಡೂ ಅಡ್ಡಡ್ಡ ಸಮ ಇಟ್ಟು ನಿಂತ್ಕೊಳ್ಳಿ. ಎರಡು ಕಾಲಿಗೂ ಸಮ ತೂಕ ಇದ್ರೆ ಚಕ್ರ ಕದಲಲ್ಲ, ಮುಂದಿನ ಕಾಲಿಗೆ ಹಿಂದಿನದಕ್ಕಿಂತ ಎಷ್ಟು ಜಾಸ್ತಿ ಕೊಟ್ಟಿರೋ ಅಷ್ಟರಿಂದ ಮಾತ್ರ ಚಕ್ರ ತಿರುಗೋದು. ಮಕ್ಕಳು ಮಾಡೋ ದೊಡ್ಡ ತಪ್ಪು ಇಲ್ಲೇ, ಸೈಕಲ್ ತುಳಿಯೋ ಹಾಗೆ ಮುಂದಿನ ಕಾಲಿಗೆ ಪೂರ್ತಿ ಒತ್ತಿ ಹಿಂದಿನ ಕಾಲು ಹಗುರ ಬಿಟ್ಬಿಡ್ತಾರೆ, ಚಕ್ರ ಬಾಣದ ಹಾಗೆ ಮುಂದೆ ಹೋಗತ್ತೆ, ಹುಡುಗ ಹಿಂದೆ ಕೂರ್ತಾನೆ. ಹಿಂದಿನ ಕಾಲು ಮೇಲೆ ಬರೋವಾಗ್ಲೂ ಅದರ ಮೇಲೆ ಭಾರ ಇರ್ಲೇಬೇಕು, ಬ್ರೇಕ್ ಅಂತ ಇರೋದು ಅದೊಂದೇ.

ಪೆಡಲ್ ಒಂದು ಮೇಲೆ ಒಂದು ಕೆಳಗೆ ನೇರ ಬಂದಾಗ ಎಷ್ಟೇ ಒತ್ತಿದ್ರೂ ಚಕ್ರ ತಿರುಗಲ್ಲ, ಆ ಜಾಗ ವೇಗದಿಂದಾನೇ ದಾಟ್ಬೇಕು. ಅದಕ್ಕೇ ಮೊದಲ ವಾರ ಬರೀ ಅರ್ಧ ಸುತ್ತು ಮಾಡಿಸ್ತೀನಿ, ಸಮದಿಂದ ಸಮಕ್ಕೆ, ನಿಲ್ಲೋದು, ಮತ್ತೆ ಸಮದಿಂದ ಸಮಕ್ಕೆ. ಬೇಜಾರಾಗತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೂ ಇದನ್ನ ಬಿಟ್ಟು ಮುಂದೆ ಹೋದವರು ಯಾರೂ ಬೇಗ ಕಲಿತಿದ್ದು ನಾನು ನೋಡಿಲ್ಲ.

ಚಕ್ರ ಕಾಲಿಗೆ ತಾಗತ್ತೆ ಅಂತ ಹೆದರಿ ಕಾಲು ಅಗಲಿಸ್ಬೇಡಿ. ಬಲಗಾಲು ಒತ್ತಿದಾಗ ಚಕ್ರದ ಮೇಲ್ಭಾಗ ಬಲ ಮೀನಖಂಡಕ್ಕೆ ಒರಗತ್ತೆ, ಒರಗಲಿ, ಅದನ್ನ ತಡೆದು ನಿಲ್ಲಿಸೋದೇ ಆ ಕಾಲು, ಸೀಟೂ ಫ್ರೇಮೂ ಮಾಡ್ಬೇಕಿದ್ದ ಕೆಲಸ ಈಗ ಮೀನಖಂಡ ಮಾಡ್ತಿದೆ. ಹಾಗಾಗಿ ದಪ್ಪ ಜೀನ್ಸ್ ಹಾಕಿ, ಒಳಗೆ ಫುಟ್‌ಬಾಲ್ ಆಡೋರ ಶಿನ್ ಗಾರ್ಡನ್ನ ಮುಂದಕ್ಕಲ್ದೆ ಒಳಬದಿಗೆ ತಿರುಗಿಸಿ ಕಟ್ಕೊಳ್ಳಿ, ಹರಡು ಮುಚ್ಚೋ ಶೂ ಇರ್ಲಿ, ಲೇಸು ಒಳಗೆ ತುರುಕಿ. ತಟ್ಟೆಗೆ ಕ್ಯಾರಂ ಬೋರ್ಡ್ ಪೌಡರ್ ಸವರಿದ್ರೆ ಉಜ್ಜೋದು ಕಡಿಮೆ ಆಗತ್ತೆ, ಟೈರ್ ಮೇಲೆ ಮಾತ್ರ ಒಂದು ಚಿಟಿಕೆನೂ ಬೀಳ್ಬಾರ್ದು, ಜಾರತ್ತೆ. ಬೀಳೋ ಹಾಗಾದ್ರೆ ಚಕ್ರ ಬಿಟ್ಟು ಮುಂದಕ್ಕೆ ಇಳೀರಿ, ಫ್ರೇಮ್ ಇಲ್ಲದ್ರಿಂದ ಕಾಲಿಗೆ ತೊಡಕಾಗೋದು ಏನೂ ಇಲ್ಲ, ಇಳಿಯೋದು ಸೀಟಿರೋದಕ್ಕಿಂತ ಸಲೀಸು. ಶಾಲೆ ಅಂಗಳದ ಸಿಮೆಂಟು, ಬ್ಯಾಸ್ಕೆಟ್‌ಬಾಲ್ ಕೋರ್ಟು ಒಳ್ಳೇ ಜಾಗ. ರಸ್ತೆಗೆ ತರೋದೇ ಬೇಡ.

ಕೊನೆಗೆ ಒಂದು ಮಾತು ಕಟ್ಟೋರಿಗೆ. ಮೊದಲ ದಿನ ಅರ್ಧ ಗಂಟೆ ಓಡಿಸಿದ ಮೇಲೆ ಎಂಟೂ ಬೋಲ್ಟು, ಎರಡೂ ಪೆಡಲ್ಲು ಮತ್ತೊಂದ್ಸಲ ಟೈಟ್ ಮಾಡಿ, ಪ್ಲೇಟಿನ ಒತ್ತಡಕ್ಕೆ ಪ್ಲೈ ಸ್ವಲ್ಪ ಕುಗ್ಗಿರತ್ತೆ. ವಾರ ಬಿಟ್ಟು ಇನ್ನೊಂದ್ಸಲ ನೋಡಿ.