ಉಸಿರು ಬೇರೆ, ಗೋಡೆ ಬೇರೆ

ಶೆಲ್ ಸ್ಕ್ರಿಪ್ಟ್ ಬರೆಯುವಾಗ, ಅಂದರೆ ಕಂಪ್ಯೂಟರ್‌ಗೆ ಕೊಡುವ ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಡುವಾಗ, ಕಮಾಂಡ್ ಮೂರು ಉತ್ತರ ಕೊಟ್ಟಿತು, ಮೂರು ವೇರಿಯಬಲ್‌ಗೆ ಹಾಕಿಕೊಳ್ಳೋಣ ಅಂದುಕೊಳ್ಳುತ್ತೇವೆ. ಆದರೆ ಕಮಾಂಡ್ ಮೂರು ಕೊಟ್ಟೇ ಇರುವುದಿಲ್ಲ. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಹಟ ಹಿಡಿದು ಕೆನ್ ಥಾಂಪ್ಸನ್ ಕೈಲಿ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂಗೆ ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಹರಿಸುವ ಕೊಳವೆ) ಹಾಕಿಸಿದರಲ್ಲ, ಅವತ್ತಿನಿಂದಲೂ ಅದರಲ್ಲಿ ಹರಿಯುವುದು ಬರೀ ಬೈಟ್‌ಗಳು. ಎಲ್ಲಿ ಕತ್ತರಿಸಬೇಕೋ ಅದು ಪಡೆದವರ ಪಾಡು.

ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್ ಬಳಿ ಇರುವ ಕತ್ತರಿಯ ಹೆಸರು ಐಎಫ್‌ಎಸ್ (IFS), ಯಾವ ಗುರುತು ಕಂಡಲ್ಲಿ ಕತ್ತರಿಸಬೇಕೆಂದು ಹೇಳುವ ವೇರಿಯಬಲ್. ಬೇರೇನೂ ಹೇಳದಿದ್ದರೆ ಅದು ಸ್ಪೇಸ್, ಟ್ಯಾಬ್, ಹೊಸ ಸಾಲು ಕಂಡಲ್ಲಿ ಕತ್ತರಿಸುತ್ತದೆ. ಸುತ್ತ ಕೋಟ್ (ಉದ್ಧರಣ ಚಿಹ್ನೆ) ಹಾಕಿದರೆ ಸುಮ್ನಿರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ವಿಷಯ. ಸ್ಪೇಸ್ ಎಂದರೆ ಮಾತಿನ ನಡುವಿನ ಉಸಿರು. ಒಮ್ಮೆ ಎಳೆದುಕೊಂಡರೂ ಹತ್ತು ಸಲ ಎಳೆದುಕೊಂಡರೂ ಒಂದೇ ಲೆಕ್ಕ. ಕೋಲನ್ (:) ಹಾಗಲ್ಲ, ಅದು ವಠಾರದ ನಡುಗೋಡೆ. ಎರಡು ಗೋಡೆಗಳ ನಡುವೆ ಯಾರೂ ವಾಸವಿಲ್ಲದಿದ್ದರೂ ಅದೊಂದು ಮನೆಯೇ. ಇಲ್ಲವೇ ಊಟದ ಪಂಕ್ತಿ ನೋಡಿ: ಜನ ಬರದಿದ್ದರೂ ಹಾಸಿದ ಎಲೆ ಎಲೆಯೇ, ಅಲ್ವಾ?

ಲಿನಕ್ಸ್‌ನಲ್ಲಿ ಬಳಕೆದಾರರ ಪಟ್ಟಿ ಇರುವ ಪಾಸ್‌ವರ್ಡ್ ಫೈಲಿನ ಪ್ರತಿ ಸಾಲಿನಲ್ಲೂ ಕೋಲನ್‌ನಿಂದ ಬೇರೆಯಾದ 7 ಅಂಕಣಗಳಿರುತ್ತವೆ. ಐದನೆಯದು ಎಷ್ಟೋ ಸಲ ಖಾಲಿ. ಕೋಲನ್‌ಗಳನ್ನೆಲ್ಲ ಸ್ಪೇಸ್ ಮಾಡಿ ಒಡೆದೆನೋ, ಕೆಟ್ಟೆ. ಖಾಲಿ ಅಂಕಣ ಮಾಯವಾಗಿ, ಆರನೆಯದಾದ ಹೋಮ್ ಡೈರೆಕ್ಟರಿ (ಬಳಕೆದಾರನ ಸ್ವಂತ ಫೋಲ್ಡರ್) ಐದನೆಯ ಜಾಗಕ್ಕೆ ಜರುಗುತ್ತದೆ. ಎರರ್ ಕೂಡ ಬರುವುದಿಲ್ಲ. ನಾನು ಇದಕ್ಕೆ ಒಂದು ಸಂಜೆ ಕಳೆದಿದ್ದೇನೆ. ಐಎಫ್‌ಎಸ್‌ಗೆ ಕೋಲನ್ ಕೊಟ್ಟು ಅದೇ ಸಾಲಿನಲ್ಲಿ ರೀಡ್ (ಒಂದು ಸಾಲು ಓದಿ ವೇರಿಯಬಲ್‌ಗಳಿಗೆ ಹಂಚುವ ಕಮಾಂಡ್) ಬರೆದಿದ್ದರೆ ಮುಗಿಯುತ್ತಿತ್ತು. ಆ ಬದಲಾವಣೆ ಆ ಒಂದು ರೀಡ್‌ಗೆ ಮಾತ್ರ.

‘ಫೈಲ್ ಹೆಸರಿನಲ್ಲಿ ಸ್ಪೇಸ್ ಇಡಬಾರದು’ ಎನ್ನುವುದು ಬೆಕ್ಕು ಅಡ್ಡ ಬಂದರೆ ಎನ್ನುವಂಥ ಮಾತು. ‘ಮದುವೆ ಫೋಟೋ’ ಎಂಬ ಹೆಸರಿನಲ್ಲಿ ದೋಷವಿಲ್ಲ. ಕೋಟ್ ಹಾಕದೆ ಅದನ್ನು ಎರಡು ತುಂಡು ಮಾಡಿದ್ದು ಸ್ಕ್ರಿಪ್ಟ್. ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಬಿಟ್ಟು ಹೆಸರಿನಲ್ಲಿ ಏನು ಬೇಕಾದರೂ ಇರಬಹುದು, ಹೊಸ ಸಾಲೂ ಸಹ!

ಹಳೆಯ ಬೋರ್ನ್ ಶೆಲ್‌ನಲ್ಲಿ ಈ ಕತ್ತರಿಯಿಂದ ಕಳ್ಳತನವೂ ನಡೆಯುತ್ತಿತ್ತು. ಐಎಫ್‌ಎಸ್‌ಗೆ ಸ್ಲ್ಯಾಶ್ ಕೊಟ್ಟರೆ ‘/ಬಿನ್/ಮೇಲ್’ ಎಂಬ ಕಮಾಂಡ್ ‘ಬಿನ್’, ‘ಮೇಲ್’ ಎಂದು ಒಡೆಯುತ್ತಿತ್ತು. ಆ ಕಮಾಂಡ್ ಕರೆಯುವ ಪ್ರೋಗ್ರಾಂ ರೂಟ್ (ಇಡೀ ಯಂತ್ರದ ಯಜಮಾನ) ಹೆಸರಲ್ಲಿ ಓಡುತ್ತಿದ್ದರೆ, ‘ಬಿನ್’ ಹೆಸರಿನ ಕಳ್ಳ ಪ್ರೋಗ್ರಾಂ ಇಟ್ಟವನಿಗೆ ರೂಟ್ ಅಧಿಕಾರ! ಈಗಿನ ಶೆಲ್‌ಗಳು ಶುರುವಾಗುವಾಗಲೇ ಐಎಫ್‌ಎಸ್ ಅನ್ನು ಮೊದಲಿನಂತೆ ಮಾಡಿಕೊಳ್ಳುತ್ತವೆ.

ಹಾಂ, ಈಗ ಹೆಚ್ಚು ಬಳಕೆಯಲ್ಲಿರುವ ಬ್ಯಾಷ್ ಶೆಲ್‌ನಲ್ಲಿ ಪೈಪ್‌ನ ಬಲಗಡೆ ರೀಡ್ ಬರೆಯಬೇಡಿ. ಅದು ಓಡುವುದು ಒಂದು ಮರಿ ಶೆಲ್‌ನಲ್ಲಿ. ಏಳೂ ವೇರಿಯಬಲ್‌ಗಳು ಸರಿಯಾಗಿ ತುಂಬುತ್ತವೆ, ಮರಿ ಹೋದೊಡನೆ ಅವೂ ಹೋಗುತ್ತವೆ. ಪೈಪ್ ಬದಲು ಮೂರು ‘ಲೆಸ್ ದ್ಯಾನ್’ ಗುರುತು (<<<) ಹಾಕಿ ರೀಡ್‌ಗೆ ಔಟ್‌ಪುಟ್ ಕೊಟ್ಟರೆ ಉಳಿಯುತ್ತವೆ.