ಹುಟ್ಟಿನಿಂದಲೇ ಕಳ್ಳ? ಹಳೆಯ ಪ್ರಶ್ನೆಯೊಂದು ಹುಬ್ಬಳ್ಳಿಯಲ್ಲಿ ಬೇಲಿಯಾದ ಬಗೆ

ಹುಬ್ಬಳ್ಳಿಯಲ್ಲಿ ನಾನು ಐದನೆಯ ತರಗತಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ನಮ್ಮ ವರ್ಗದ ಹುಡುಗಿಯೊಬ್ಬಳ ಹೊಸ ಕಂಪಾಸು ಪೆಟ್ಟಿಗೆ ಕಾಣೆಯಾಯಿತು. ಗುರುಗಳು ಯಾರನ್ನೂ ಏನನ್ನೂ ಕೇಳದೆ ನೆಟ್ಟಗೆ ಹಿಂದಿನ ಸಾಲಿಗೆ ನಡೆದು, ಅಲ್ಲಿ ಕುಳಿತಿದ್ದ ಹುಡುಗನ ಪಾಟೀಚೀಲವನ್ನು ಬೋರಲು ಹಾಕಿದರು. ಎರಡು ನೋಟ್‌ಬುಕ್ಕು, ಮುರಿದ ಸ್ಕೇಲು, ಅರಿವೆಯಲ್ಲಿ ಸುತ್ತಿದ್ದ ರೊಟ್ಟಿ ನೆಲಕ್ಕೆ ಬಿದ್ದವು, ಕಂಪಾಸು ಇರಲಿಲ್ಲ. ಉಳಿದವರ ಚೀಲಗಳನ್ನು ಯಾರೂ ಮುಟ್ಟಲಿಲ್ಲ. ಆ ಹುಡುಗ ಸೆಟ್ಲಮೆಂಟಿನವನು ಎಂಬುದೊಂದೇ ಕಾರಣವಾಗಿತ್ತು, ಮತ್ತು ಆ ಕಾರಣವನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವನು ರೊಟ್ಟಿಗೆ ಹತ್ತಿದ ಮಣ್ಣನ್ನು ಊದಿ ಮತ್ತೆ ಅದೇ ಅರಿವೆಯಲ್ಲಿ ಕಟ್ಟಿಕೊಂಡದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ.

ಮನುಷ್ಯ ಹುಟ್ಟುತ್ತಲೇ ಒಳ್ಳೆಯವನೋ ಕೆಟ್ಟವನೋ ಎಂಬುದು ತತ್ತ್ವಜ್ಞಾನಿಗಳ ಜಿಜ್ಞಾಸೆ ಎಂದು ನಾವು ಬದಿಗಿಡುತ್ತೇವೆ. ಆದರೆ ಆ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ ಕಾಯಿದೆಯಾಗಿ, ಕಾಯಿದೆ ಬೇಲಿಯಾಗಿ, ಬೇಲಿ ಹೋದ ಮೇಲೂ ಒಂದು ಓಣಿಯ ಹೆಸರಾಗಿ ನಮ್ಮ ಊರಲ್ಲೇ ಉಳಿದಿದೆ. ಹುಬ್ಬಳ್ಳಿಯಲ್ಲಿ ಆಟೋದವರಿಗೆ ಸೆಟ್ಲಮೆಂಟ್ ಎಂದರೆ ಸಾಕು, ದಾರಿ ಕೇಳುವುದಿಲ್ಲ. ಗದಗ-ಬೆಟಗೇರಿಯಲ್ಲಿಯೂ ಅದೇ ಹೆಸರಿನ ಪ್ರದೇಶವಿದೆ. ಆ ಇಂಗ್ಲಿಷ್ ಪದ ಅಲ್ಲಿಗೆ ಬಂದದ್ದು ಹೇಗೆಂದು ತಿಳಿಯಲು ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಮನುಷ್ಯ ಹುಟ್ಟುತ್ತಲೇ ಒಳ್ಳೆಯವನೋ ಕೆಟ್ಟವನೋ ಎಂಬ ವಾದವನ್ನು ಅತ್ಯಂತ ಸ್ಪಷ್ಟವಾಗಿ ಮೊದಲು ಮಂಡಿಸಿದವರಲ್ಲಿ ಚೀನಾದ ಚಿಂತಕರು ಮುಖ್ಯರು. ಕ್ರಿ.ಪೂ. 4ನೆಯ ಶತಮಾನದ ಮೆನ್ಸಿಯಸ್ ಒಂದು ಉದಾಹರಣೆ ಕೊಟ್ಟ: ಪುಟ್ಟ ಮಗುವೊಂದು ಇನ್ನೇನು ಬಾವಿಗೆ ಬೀಳುತ್ತದೆ ಎನ್ನುವುದನ್ನು ಕಂಡ ಯಾವನೇ ಆಗಲಿ, ಅವನ ಎದೆ ಧಸಕ್ಕೆನ್ನುತ್ತದೆ. ಆ ಮಗುವಿನ ತಂದೆತಾಯಿಯ ಸ್ನೇಹ ಬೇಕೆಂದಾಗಲಿ, ಊರವರು ಹೊಗಳಲೆಂದಾಗಲಿ ಆ ಕಳವಳ ಹುಟ್ಟುವುದಿಲ್ಲ. ಅದು ಒಳಗೇ ಇರುವ ಮೊಳಕೆ. ಅವನ ಸಮಕಾಲೀನ ಗಾವೊಜಿ ಇದನ್ನು ಒಪ್ಪಲಿಲ್ಲ. ನೀರಿಗೆ ಪೂರ್ವವೂ ಒಂದೇ, ಪಶ್ಚಿಮವೂ ಒಂದೇ; ಬದು ಒಡೆದ ಕಡೆಗೆ ಹರಿಯುತ್ತದೆ, ಮನುಷ್ಯಸ್ವಭಾವವೂ ಹಾಗೆಯೇ ಎಂದ. ಮುಂದಿನ ಶತಮಾನದ ಶುನ್‌ಜಿ ಇನ್ನೂ ಕಠಿಣವಾಗಿ, ಸ್ವಭಾವ ಕೆಟ್ಟದ್ದೇ, ಒಳ್ಳೆಯತನವೆಂಬುದು ದುಡಿಮೆಯಿಂದ ಬರುವಂಥದ್ದು, ಸೊಟ್ಟ ಕಟ್ಟಿಗೆಯನ್ನು ಹಬೆಯಲ್ಲಿಟ್ಟು ಒತ್ತಿ ನೆಟ್ಟಗೆ ಮಾಡಿದಂತೆ ಎಂದು ಹೇಳಿದ.

ನಮ್ಮ ಮನೆಗಳಲ್ಲಿ ಈ ಇಬ್ಬಗೆಯ ಮಾತೂ ಒಂದೇ ಬಾಯಲ್ಲಿ ಬರುತ್ತದೆ. ಮಗ ಸುಳ್ಳು ಹೇಳಿದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅವನನ್ನು ತಿದ್ದಲು ಹೊರಡುವ ಅಜ್ಜಿಯೇ, ಪಕ್ಕದ ಮನೆಯ ಹುಡುಗ ಅದೇ ಸುಳ್ಳು ಹೇಳಿದಾಗ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ತೀರ್ಪು ಕೊಡುತ್ತಾಳೆ. ಯಾವ ಗಾದೆ ಯಾರ ಮಗುವಿಗೆ ಎಂಬುದರಲ್ಲಿಯೇ ಈ ಚರ್ಚೆಯ ತಿರುಳಿದೆ ಎಂದು ನನಗೆ ಅನ್ನಿಸುತ್ತದೆ.

ಪಶ್ಚಿಮದಲ್ಲಿ ಈ ಪ್ರಶ್ನೆಗೆ ದೀರ್ಘಕಾಲ ನಿಂತ ಉತ್ತರವನ್ನು ಕೊಟ್ಟವನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ (354–430). ಇನ್ನೂ ಮಾತು ಬಾರದ ಹಸುಳೆಯೊಂದು, ತಾನು ಕುಡಿಯುವ ಹಾಲನ್ನೇ ಕುಡಿಯುತ್ತಿದ್ದ ಇನ್ನೊಂದು ಮಗುವನ್ನು ಮುಖ ಬಿಳಿಚಿಕೊಂಡು ಕಹಿಯಾಗಿ ನೋಡಿದ್ದನ್ನು ತಾನು ಕಂಡಿದ್ದೇನೆ ಎಂದು ಅವನು ಬರೆದ. ಮೊದಲ ಮನುಷ್ಯನಾದ ಆದಾಮನ ಪಾಪ ಪ್ರತಿ ಮಗುವಿಗೂ ಬಂದಿರುತ್ತದೆ ಎಂಬುದು ಅವನ ನಿಲುವು. ಇದನ್ನು ವಿರೋಧಿಸಿ, ಮನುಷ್ಯ ತನ್ನ ಆಯ್ಕೆಯಿಂದಲೇ ಪಾಪಿಯಾಗುತ್ತಾನೆ ಎಂದ ಪೆಲೇಜಿಯಸ್‌ನ ವಾದವನ್ನು 418ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಧರ್ಮಸಭೆ ಖಂಡಿಸಿತು. ಆಮೇಲೆ 1651ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಹಾಬ್ಸ್, ಬಲವಾದ ಪ್ರಭುತ್ವವಿಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಯುದ್ಧಕ್ಕಿಳಿಯುತ್ತಾರೆ ಎಂದದ್ದು, 1755ರಲ್ಲಿ ರೂಸೋ ಅದನ್ನು ತಲೆಕೆಳಗು ಮಾಡಿ ಮನುಷ್ಯನನ್ನು ಕೆಡಿಸಿದ್ದು ಆಸ್ತಿ ಮತ್ತು ಅಸಮಾನತೆ ಎಂದದ್ದು ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಂದಿದೆ.

ನಮ್ಮ ಕಡೆಯ ಚಿಂತನೆಯ ದಾರಿ ಬೇರೆ. ಜೈನರಿಗೆ ಜೀವ ಸ್ವಭಾವತಃ ಶುದ್ಧ, ಕರ್ಮ ಅದಕ್ಕೆ ಧೂಳಿನಂತೆ ಹತ್ತಿಕೊಳ್ಳುವಂಥದ್ದು. ಬೌದ್ಧರ ಹಳೆಯ ಮಾತಿನಲ್ಲಿ ಚಿತ್ತ ಪ್ರಭಾಮಯ, ಕೊಳೆ ಹೊರಗಿನಿಂದ ಬಂದ ಅತಿಥಿ. ಆದರೆ ಇದೇ ನೆಲದಲ್ಲಿ ಹುಟ್ಟಿದ ಕುಲದಿಂದ ಗುಣವನ್ನು ಅಳೆಯುವ ವ್ಯವಸ್ಥೆಯೂ ಗಟ್ಟಿಯಾಗಿ ಬೇರೂರಿತ್ತು, ಮತ್ತು ಅದನ್ನು ಎದುರಿಸಿದವರು ನಮ್ಮ ನೆರೆಯಲ್ಲೇ ಇದ್ದರು. 12ನೆಯ ಶತಮಾನದ ಶರಣರು ಹುಟ್ಟನ್ನು ಬಿಟ್ಟು ನಡೆಯನ್ನು ನೋಡಿ ಎಂದರು. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ನೆಲೆಯನ್ನೇ ಪ್ರಶ್ನಿಸಿದರು. ಅದೇ ಜಿಲ್ಲೆಯವನೆಂದು ಜನ ನೆನೆಯುವ ಸರ್ವಜ್ಞ ತನ್ನ ಅರಿವು ಎಲ್ಲರಿಂದ ಒಂದೊಂದು ನುಡಿ ಕಲಿತು ಆದದ್ದೆಂದು ಹೇಳಿಕೊಂಡ.

ಇನ್ನು ಬ್ರಿಟಿಷರ ಕಾಯಿದೆಗೆ ಬರೋಣ, ಏಕೆಂದರೆ ವಾದ ಬೇಲಿಯಾದದ್ದು ಇಲ್ಲಿ. 1860ರ ಭಾರತೀಯ ದಂಡ ಸಂಹಿತೆಯ 82ನೆಯ ಕಲಂ ಏಳು ವರ್ಷದೊಳಗಿನ ಮಗು ಮಾಡಿದ ಯಾವುದೂ ಅಪರಾಧವಲ್ಲ ಎಂದಿತು. 83ನೆಯ ಕಲಂ ಏಳರಿಂದ ಹನ್ನೆರಡರ ಮಗುವಿಗೆ ತಾನು ಮಾಡಿದ್ದನ್ನು ಅರಿಯುವಷ್ಟು ಬುದ್ಧಿ ಬಲಿತಿದೆಯೇ ಎಂದು ನೋಡಬೇಕೆಂದಿತು. ಇದು ಗಂಭೀರವಾದ, ಮಾನವೀಯವಾದ ನಿಲುವು. ಆದರೆ ಅದೇ ಸರ್ಕಾರ ಹನ್ನೊಂದು ವರ್ಷಗಳ ನಂತರ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ನೇಕಾರನ ಮಗ ನೇಕಾರನಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬ ತರ್ಕದ ಮೇಲೆ ಇಡೀ ಸಮುದಾಯಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿತು. ಐದು ವರ್ಷಗಳ ಬಳಿಕ ಇಟಲಿಯಲ್ಲಿ ಲೊಂಬ್ರೋಸೊ ಎಂಬ ವೈದ್ಯ, ಜನ್ಮತಃ ಅಪರಾಧಿಯನ್ನು ತಲೆಬುರುಡೆ, ದವಡೆಗಳಿಂದ ಗುರುತಿಸಬಹುದೆಂದು ಪ್ರಕಟಿಸಿದ. ಆ ಕಾಲದ ಗಾಳಿಯೇ ಹಾಗಿತ್ತು.

ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ಕಾಯಿದೆ 1911ರ ತಿದ್ದುಪಡಿಯಿಂದ ಮುಂಬೈ ಪ್ರಾಂತಕ್ಕೂ, ಅಂದರೆ ಧಾರವಾಡ ಜಿಲ್ಲೆಗೂ ಬಂತು. ಅಧಿಸೂಚಿತ ಸಮುದಾಯದವರನ್ನು ಸೆಟ್ಲಮೆಂಟ್ ಎಂಬ ಬೇಲಿಯೊಳಗೆ ಇರಿಸಿ, ಹಾಜರಿ ಹಾಕಿಸಿ, ಹೊರಗೆ ಹೋಗಲು ಪಾಸು ಕೊಟ್ಟು, ಸಮೀಪದ ಗಿರಣಿ, ಕಾರ್ಖಾನೆಗಳಲ್ಲಿ ದುಡಿಸುವ ಏರ್ಪಾಟು ಬೆಳೆಯಿತು. ಸೊಲ್ಲಾಪುರ, ಹುಬ್ಬಳ್ಳಿಯಂಥ ಗಿರಣಿಯ ಊರುಗಳು ಇದಕ್ಕೆ ಒದಗಿದವು. ಪಾಸಿಲ್ಲದೆ ಹೊರಗೆ ಸಿಕ್ಕವನನ್ನು ವಾರಂಟಿಲ್ಲದೆ ಹಿಡಿಯಬಹುದಾಗಿತ್ತು. ಇನ್ನೊಂದು ಅಂಶ ಓದುವಾಗ ಎದೆ ಹಿಂಡುತ್ತದೆ: ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯಿಂದ ಅಗಲಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಕಾಯಿದೆಯಲ್ಲಿತ್ತು. ದಂಡ ಸಂಹಿತೆಯ ಪ್ರಕಾರ ಅಪರಾಧವನ್ನೇ ಮಾಡಲಾರದ ವಯಸ್ಸಿನ ಮಗುವನ್ನು ಅದರ ಹುಟ್ಟಿಗಾಗಿ ತಾಯಿಯ ಮಡಿಲಿನಿಂದ ಎತ್ತಬಹುದಾಗಿತ್ತು.

ಮುಂಬೈ ಪ್ರಾಂತದಲ್ಲಿ ಈ ವ್ಯವಸ್ಥೆಯನ್ನು ಕಟ್ಟಿ ಬೆಳೆಸಿದವನು ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ. ಕೆಲಸ ಮತ್ತು ಶಾಲೆ ಮನುಷ್ಯನನ್ನು ಬದಲಿಸುತ್ತವೆ ಎಂದು ಅವನು ನಂಬಿದ್ದ. ದಲಿತರು ಮತ್ತು ಆದಿವಾಸಿಗಳ ಸ್ಥಿತಿ ಪರಿಶೀಲಿಸಲು 1928ರಲ್ಲಿ ನೇಮಕವಾದ, ಅಂಬೇಡ್ಕರ್ ಸದಸ್ಯರಾಗಿದ್ದ ಸಮಿತಿಗೂ ಅವನೇ ಅಧ್ಯಕ್ಷ. ಅವನು ಕ್ರೂರಿಯಾಗಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ, ಆದರೆ ಇದರಿಂದ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಕಳ್ಳತನ ರಕ್ತದಲ್ಲಿದ್ದರೆ ಶಾಲೆ ಏಕೆ ಬೇಕಿತ್ತು? ಶಾಲೆಯಿಂದ ಬದಲಾಗುವುದಾದರೆ ಹುಟ್ಟನ್ನು ನೋಡಿ ಬೇಲಿ ಹಾಕಿದ್ದು ಏಕೆ? ಈ ವಿರೋಧದ ಎರಡೂ ತುದಿಗಳನ್ನು ಒಂದೇ ಕಾಯಿದೆ ಎಂಟು ದಶಕಗಳ ಕಾಲ ಹೊತ್ತುಕೊಂಡು ನಡೆಯಿತು, ಮತ್ತು ಅದರ ಭಾರ ಬಿದ್ದದ್ದು ಹಾಜರಿಗೆ ನಿಂತವರ ಮೇಲೆ.

1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಆ ಸಮುದಾಯಗಳು ವಿಮುಕ್ತ ಎಂಬ ಹೆಸರು ಪಡೆದವು. ಆದರೆ ರೂಢಿಗತ ಅಪರಾಧಿಗಳ ಕುರಿತ ರಾಜ್ಯಗಳ ಕಾಯಿದೆಗಳು ಆ ಜಾಗವನ್ನು ತುಂಬಿದವು, ಪೊಲೀಸರ ಕಣ್ಣು ಅದೇ ಓಣಿಗಳ ಮೇಲೆ ಉಳಿಯಿತು. ಜೈಲು ಕೈಪಿಡಿಗಳಲ್ಲಿ ವಿಮುಕ್ತ ಸಮುದಾಯದವರನ್ನು ಹುಟ್ಟಿನ ಕಾರಣಕ್ಕೇ ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ಈ ನಡುವೆ ವಿಜ್ಞಾನ ಪ್ರಶ್ನೆಯನ್ನು ತೊಟ್ಟಿಲ ಬಳಿಗೆ ಒಯ್ದಿತು. 2006ರಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಮನೋವಿಜ್ಞಾನಿಗಳು ಹದಿನೆಂಟು ತಿಂಗಳ ಮಕ್ಕಳೆದುರು ವಸ್ತುವೊಂದನ್ನು ಬೀಳಿಸಿ ಎಟುಕದಂತೆ ಕೈಚಾಚಿದಾಗ, ಯಾರೂ ಹೇಳದೆಯೂ ಮಕ್ಕಳು ಎತ್ತಿಕೊಡುತ್ತಿದ್ದವು. ಮರುವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಆರು ಮತ್ತು ಹತ್ತು ತಿಂಗಳ ಹಸುಳೆಗಳಿಗೆ ಕಣ್ಣು ಅಂಟಿಸಿದ ಮರದ ತುಂಡುಗಳ ಆಟ ತೋರಿಸಲಾಯಿತು: ಒಂದು ಗುಡ್ಡ ಹತ್ತಲು ಹೆಣಗುತ್ತದೆ, ಇನ್ನೊಂದು ಅದನ್ನು ಮೇಲಕ್ಕೆ ತಳ್ಳುತ್ತದೆ, ಮತ್ತೊಂದು ಕೆಳಕ್ಕೆ ನೂಕುತ್ತದೆ. ಬಹುಪಾಲು ಮಕ್ಕಳು ನೆರವಾದ ತುಂಡಿಗೇ ಕೈ ಹಾಕಿದವು. ಮೆನ್ಸಿಯಸ್ ಗೆದ್ದ ಎಂದು ಬಹಳ ಜನ ಸಂತೋಷಪಟ್ಟರು. ಆದರೆ 37 ಪ್ರಯೋಗಾಲಯಗಳು ಸೇರಿ ಸಾವಿರಕ್ಕೂ ಹೆಚ್ಚು ಹಸುಳೆಗಳೊಂದಿಗೆ ಆ ಪ್ರಯೋಗವನ್ನು ಮತ್ತೆ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಒಲವು ಕಾಣಲಿಲ್ಲ. ನೆರವಾದವನನ್ನು ಆರಿಸಿದವು ಸುಮಾರು ಅರ್ಧದಷ್ಟು, ನಾಣ್ಯ ಚಿಮ್ಮಿದಂತೆ. ಜೀನ್‌ಗಳ ಕಡೆಯಿಂದ ಬಂದ ಉತ್ತರವೂ ನೇರವಾಗಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನ ಗಂಡುಮಕ್ಕಳ ಅಧ್ಯಯನವೊಂದು, ಆಕ್ರಮಣಶೀಲತೆಯೊಂದಿಗೆ ತಳುಕು ಹಾಕಲಾಗಿದ್ದ ಜೀನಿನ ರೂಪವೊಂದು ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಎದ್ದು ಕಂಡಿತೆಂದೂ ಉಳಿದವರಲ್ಲಿ ಹಾಗಾಗಲಿಲ್ಲವೆಂದೂ ತೋರಿಸಿತು.

ನಾನು ಧಾರವಾಡದ ಬಸ್ ನಿಲ್ದಾಣದಲ್ಲಿ ಕಳೆದ ಚಳಿಗಾಲ ಕಂಡ ಎರಡು ವರ್ಷದ ಮಗುವೊಂದು, ಅರ್ಧ ಚೀಪಿದ ಪೇಡೆಯನ್ನು ಬಾಯಿಂದ ತೆಗೆದು ತಂಗಿಯ ಬಾಯಿಗೆ ಒತ್ತಿತು. ನಿಮಿಷವಾಗಿರಲಿಲ್ಲ, ಅದೇ ತಂಗಿಯ ಕೈಯ ಪೀಪಿಯನ್ನು ಕಸಿದು, ಅವಳು ಅತ್ತಾಗ ಬೆರಗಾಗಿ ನೋಡುತ್ತ ನಿಂತಿತು. ಅಗಸ್ಟೀನ್ ಕಂಡದ್ದೂ ಸುಳ್ಳಲ್ಲ, ಮೆನ್ಸಿಯಸ್ ಹೇಳಿದ್ದೂ ಸುಳ್ಳಲ್ಲ. ಆ ಮಗುವಿನ ತಾಯಿ ಪೀಪಿಯನ್ನು ಹಿಂದಿರುಗಿಸಿ ಇಬ್ಬರನ್ನೂ ಒಂದೇ ಸೆರಗಿನಲ್ಲಿ ಒರೆಸಿದಳು.

2015ರ ಬಾಲನ್ಯಾಯ ಕಾಯಿದೆಯ ತತ್ತ್ವಗಳಲ್ಲಿ ಮೊದಲನೆಯದು, ಹದಿನೆಂಟು ತುಂಬುವವರೆಗೆ ಯಾವುದೇ ಮಗುವಿನಲ್ಲಿ ದುರುದ್ದೇಶವಿಲ್ಲವೆಂದೇ ಭಾವಿಸಬೇಕು ಎನ್ನುತ್ತದೆ. ಆದರೂ ಒಂದನೆಯ ತರಗತಿಗೆ ಹೆಸರು ಹಚ್ಚುವ ದಿನ ನಮ್ಮ ಭಾಗದ ಕೆಲವು ಮಕ್ಕಳ ಜಾತಿಯ ಕಾಲಂನಲ್ಲಿ ಗುಮಾಸ್ತ ಬರೆಯುವ ಪದವೇ ಬೇರೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ವಿಮುಕ್ತ ಸಮುದಾಯದ ಹೆಸರು ಇಂದಿಗೂ ಗಂಟಿಚೋರ ಎಂದೇ ಇದೆ. ಚೋರ ಎಂದರೇನೆಂದು ಮಗು ಕೇಳುವುದು ಓದಲು ಬಂದ ಮೇಲೆ.